ಹೊಳೆಯೊಳಗೆ ಗಾಡಿ ಹೊಡೆದವರು

ಅಥವಾ ಗಾಡಿ ಕೆಂಪಗೆ ಇರಲೇ ಇಲ್ಲವೇನೋ. ಕೆಂಪಗಿದ್ದದ್ದು ಅತ್ತೆಯ ಸೀರೆಯೂ ಇರಬಹುದು. ಬೇಸಿಗೆಯ ಬಿಸಿಲಿಗೆ ಕಣ್ಣು ಮುಚ್ಚಿದಾಗ ರೆಪ್ಪೆಯೊಳಗೆ ತುಂಬಿಕೊಳ್ಳುತ್ತದಲ್ಲ, ಆ ಕೆಂಪೂ ಇರಬಹುದು. ಆದರೂ ನೆನೆಸಿಕೊಂಡಾಗಲೆಲ್ಲ ಬರುವುದು ಕೆಂಪು ಗಾಡಿಯೇ. ಭೀಮಾ ಹೊಳೆಯ ಒಣ ಮರಳು. ಅದರ ಮೇಲೆ ಟಪ್ಪವಿಲ್ಲದ, ತಲೆಯ ಮೇಲೆ ಬರೀ ಆಕಾಶದ, ಎರಡೇ ಸೀಟಿನ, ನೆಲಕ್ಕೆ ಹೊಟ್ಟೆ ಹಚ್ಚಿಕೊಂಡ ಒಂದು ಮೋಟಾರು ಗಾಡಿ. ಜನ ಚಕ್ರದ ಮುಂದೆ ತೊಗರಿ ಕಟ್ಟಿಗೆ ಹಾಸುತ್ತಿದ್ದಾರೆ. ಗಾಡಿ ದಾಟಿದ ಕೂಡಲೇ ಹಿಂದಿನ ಕಟ್ಟಿಗೆ ಎತ್ತಿಕೊಂಡು ಮುಂದಕ್ಕೆ ಓಡುತ್ತಿದ್ದಾರೆ. ಗಾಡಿಯ ಅಡಿಗೆ ಮಾತ್ರ ರಸ್ತೆ ಇದೆ, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ. ಗಾಡಿ ಹೊಡೆಯುತ್ತಿರುವವಳು ನನ್ನ ಸೋದರತ್ತೆ ಗುರುಬಾಯಿ. ನಾನು ಅವಳ ತೊಡೆಯ ಮೇಲಿದ್ದೇನೆ.

ಈ ಕೊನೆಯ ಎರಡು ವಾಕ್ಯಗಳಿಗೆ ಸಾಕ್ಷಿ ಇಲ್ಲ.

ಸಾಕ್ಷಿಯ ಮಾತು ಯಾಕೆಂದರೆ ನಾನು ಆಳಂದದಲ್ಲಿ ವಕೀಲ. ಹೊಲದ ಬದುವಿನ ಜಗಳಗಳೇ ನನ್ನ ಅನ್ನ. ಇಷ್ಟು ವರ್ಷದಲ್ಲಿ ಕಲಿತದ್ದು ಒಂದೇ: ಕಟಕಟೆಯಲ್ಲಿ ನಿಂತವನು ಉಗುಳು ನುಂಗದೆ, ಎಡವದೆ, ಮೊದಲಿನಿಂದ ಕೊನೆಯವರೆಗೆ ನೆಟ್ಟಗೆ ಹೇಳಿಬಿಟ್ಟರೆ ಅನುಮಾನಪಡಬೇಕು. ಕಣ್ಣಾರೆ ಕಂಡವನು ತಡವರಿಸುತ್ತಾನೆ. ಬಾಯಿಪಾಠ ಮಾಡಿ ಬಂದವನು ಒಪ್ಪಿಸುತ್ತಾನೆ. ಹೊಳೆಯ ಈ ನೆನಪು ನನಗೆ ಒಂದಿಷ್ಟೂ ತಡವರಿಸದೆ ಬರುತ್ತದೆ. ನನ್ನ ಎದುರು ಪಕ್ಷದ ವಕೀಲ ನಾನೇ ಆಗಿದ್ದರೆ ಎರಡು ಪ್ರಶ್ನೆಯಲ್ಲಿ ನನ್ನನ್ನು ಕೆಳಗಿಳಿಸುತ್ತಿದ್ದೆ.

ಇಲ್ಲ, ಹೀಗಲ್ಲ. ಮುಚ್ಚಳದಿಂದ ಶುರು ಮಾಡಬೇಕು.

ಒಂದು ಕೇಸಿನ ಸಲುವಾಗಿ ಜೇವರ್ಗಿಗೆ ಹೋಗಿದ್ದವನು ಊಟಕ್ಕೆ ಅತ್ತೆಯ ಮನೆಗೆ ಹೋದೆ. ಅತ್ತೆ ಮಗ-ಸೊಸೆಯ ಜೊತೆ ಇದ್ದಾಳೆ. ಸೊಸೆ ಮಹಾದೇವಿ ರೊಟ್ಟಿ ಬಡಿಯುತ್ತಿದ್ದಳು. ಅವಳ ಪಕ್ಕದಲ್ಲಿ ಜೋಳದ ಹಿಟ್ಟಿನ ಡಬ್ಬಿ, ಡಬ್ಬಿಯ ಮೇಲೆ ಕನ್ನಡಿಯಂತೆ ಹೊಳೆಯುವ ಒಂದು ದುಂಡನೆಯ ಮುಚ್ಚಳ. ಅದರಲ್ಲಿ ನನ್ನ ಮುಖ ಕುಂಬಳಕಾಯಿಯಷ್ಟು ಅಗಲವಾಗಿ ಕಾಣಿಸಿತು. ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಉಣ್ಣುತ್ತಿದ್ದೇನೆ, ಆ ಮುಚ್ಚಳವನ್ನು ಅಂದೇ ನೋಡಿದೆ. ಕಣ್ಣಿದ್ದೂ ನೋಡದೇ ಇರುವುದರಲ್ಲಿ ನಾನು ಪಳಗಿದವನು.

"ಅತ್ತಿ, ಇದೇನಿದು?"

"ಮುಚ್ಚಳ."

"ಮುಚ್ಚಳ ಖರೆ. ಯಾತರದ ಮುಚ್ಚಳ?"

"ಗಾಡಿದು. ಚಕ್ರದ ನಡುವ ಇರತಾವಲ್ಲ ತಾಟಿನಂಗ, ಅದು. ಹಿಟ್ಟಿನ ಡಬ್ಬಿಗಿ ಹೇಳಿ ಮಾಡಿಸಿದಂಗ ಕುಂದರ್ತದ."

ನನ್ನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. "ಮಾವನ ಗಾಡಿದಾ? ಅಂದ್ರ ಆ ಗಾಡಿ ಇನ್ನಾ ಅದನಾ?"

"ನೆಲೋಗಿ ಹೊಲದಾಗ ಬಿದ್ದದ. ಎಲ್ಲಿ ಹೋಗ್ತದ? ಅದಕ್ಕೇನು ಕಾಲ ಅದಾವೇನು?"

"ಕಾಲ ಬಿಡ್ರಿ, ಚಕ್ರಕ್ಕ ಗಾಳಿನೂ ಇಲ್ರಿ," ಅಂದಳು ಮಹಾದೇವಿ.

ಆಗ ಬಾಯಿ ತಪ್ಪಿ ಬಂದದ್ದೋ, ಬೇಕೆಂದೇ ಕೇಳಿದ್ದೋ, "ಹೊಳ್ಯಾಗ ಅದನ್ನ ನೀನ ಹೊಡಕೊಂಡು ಬಂದಿದ್ದಿ, ಹೌದಿಲ್ಲೋ ಅತ್ತಿ?" ಅಂದೆ.

ರೊಟ್ಟಿ ಬಡಿಯುವ ಸದ್ದು ನಿಂತಿತು. "ಯವ್ವಾ! ಅತ್ತಿ ಗಾಡಿ ಹೊಡದಾರಾ? ಇವರು ಸ್ಕೂಟಿ ಮ್ಯಾಲ ಹಿಂದ ಕುಂದರ್ಲಾಕನೂ ಅಂಜತಾರ್ರಿ!"

ಅತ್ತೆ ಹೌದೆನ್ನಲಿಲ್ಲ, ಇಲ್ಲವೆನ್ನಲಿಲ್ಲ. ನನ್ನ ತಾಟಿನ ಕಡೆ ತಲೆ ವಾರೆ ಮಾಡಿ ನೋಡಿದಳು. ಅವಳ ಕಣ್ಣು ಸುತ್ತಲಿಂದ ಕತ್ತಲಾಗುತ್ತ ಬರುತ್ತಿದೆ. ಕೊಳವೆಯೊಳಗಿಂದ ನೋಡಿದ ಹಾಗೆ ನಡುವಿನದಷ್ಟೇ ಕಾಣುತ್ತದೆ. ಹೋದದ್ದು ಬರುವುದಿಲ್ಲ, ಇರುವುದು ಎಷ್ಟು ದಿನ ಉಳಿದೀತೆಂದು ಹೇಳಲಾರೆವು ಎಂದಿದ್ದರು ಡಾಕ್ಟರು. ಆ ಉಳಿದ ಕಿಂಡಿಯೊಳಗೆ ನನ್ನ ಮುಖವನ್ನು ಹಿಡಿದಿಟ್ಟುಕೊಂಡು ಅತ್ತೆ ಅಂದಳು: "ಅದನ್ನ ಚಾಲೂ ಮಾಡಿ ತಗೊಂಡು ಬಾ ತಮ್ಮಾ. ಅದರಾಗ ಕುಂತು ಹೇಳ್ತೇನಿ."

ನಮ್ಮ ಬಳಗದಲ್ಲಿ ಈ ಪ್ರಶ್ನೆಗೆ ಉತ್ತರ ಎಂದೋ ಸಿಕ್ಕಿಹೋಗಿದೆ. ಹೊಡೆದದ್ದು ಮಾವ. ಗುರುಬಾಯಿಗೆ ಸೈಕಲ್ಲೂ ಬರುವುದಿಲ್ಲ. ಯಾರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ, ಅದೂ ಒಂದೇ ಮಾತಿನಲ್ಲಿ, ಒಂದೇ ಧಾಟಿಯಲ್ಲಿ. ವಕೀಲನಿಗೆ ಇಷ್ಟು ಸಾಕು ಅನುಮಾನಕ್ಕೆ. ಆದರೆ ಅವರು ಯಾರೂ ಅಂದು ಹೊಳೆಯ ದಂಡೆಯಲ್ಲಿ ಇರಲಿಲ್ಲ. ಇದ್ದವರು ಈಗ ಇಲ್ಲ. ಮಾವ ಹೋಗಿ ಬಹಳ ವರ್ಷವಾಯಿತು.

ಮಾವ ಅಂದರೆ ಅತ್ತೆಯ ಗಂಡ. ಅವರ ತಾಯಿ, ಅಂದರೆ ಅತ್ತೆಯ ಅತ್ತೆ, ಬಹಳ ಗಟ್ಟಿ ಹೆಂಗಸು. ಹೊಲಕ್ಕೆ ಟ್ರ್ಯಾಕ್ಟರ್ ಬೇಕೆಂದು ಹಟ ಹಿಡಿದು ಮಗನನ್ನು ಹೈದರಾಬಾದಿಗೆ ಕಳಿಸಿದಳು. ಮಗ ಅಲ್ಲಿ ಯಾವುದೋ ಹಳೆಯ ಜಹಗೀರದಾರರ ಮನೆಯ ಹಿತ್ತಲಿನಲ್ಲಿ ಈ ಇಂಗ್ಲಿಷ್ ಗಾಡಿಯನ್ನು ಕಂಡ. ಟ್ರ್ಯಾಕ್ಟರು ಮರೆತುಹೋಯಿತು. ಅಷ್ಟು ದೊಡ್ಡ ಮನೆಗೆ ಎರಡು ಸೀಟಿನ ಗಾಡಿ! ಉಳಬೇಕೆಂದರೆ ಉಳುವುದಿಲ್ಲ, ಹೇರಬೇಕೆಂದರೆ ಒಂದು ಚೀಲ ಹಿಡಿಯುವುದಿಲ್ಲ. ಹೈದರಾಬಾದಿನಿಂದ ನೇರ ತಾಯಿಯ ಮುಂದೆ ಹೋಗಲು ಧೈರ್ಯ ಸಾಲದೆ ಮಾವ ಅದನ್ನು ಹೆಂಡತಿಯ ತವರಿಗೆ, ಅಫಜಲಪುರದ ಕಡೆಯ ನಮ್ಮ ಅಜ್ಜ ಮುತ್ಯಾನ ಮನೆಗೆ ತಂದು ಬೇವಿನ ಮರದಡಿ ನಿಲ್ಲಿಸಿದರಂತೆ. ಕೆಲವು ದಿನ ಬಿಟ್ಟು, ಬೇಸಿಗೆಯಲ್ಲಿ ಹೊಳೆ ಒಣಗಿದಾಗ, ಅಡ್ಡ ಹಾಯ್ದು ತಮ್ಮೂರು ನೆಲೋಗಿಗೆ ಒಯ್ದರು. ನನ್ನ ನೆನಪಿನ ಹೊಳೆ ಅದೇ.

ನೆಲೋಗಿಗೆ ಹೋದೆ. ಹೊಲದ ತುದಿಗೆ ತಗಡಿನ ಕೊಟ್ಟಿಗೆ. ಒಳಗೆ ಗೋಡೆಯಿಂದ ಗೋಡೆಗೆ ತೊಗರಿ ಕಟ್ಟಿಗೆ ಒಟ್ಟಿದ್ದರು. ಗಾಡಿ ಎಲ್ಲಿ ಅಂದರೆ ಹೊಲ ನೋಡಿಕೊಳ್ಳುವವನು ಆ ಒಟ್ಟಿಲ ಕಡೆಗೇ ಕೈ ತೋರಿಸಿದ. ಇಬ್ಬರೂ ಕಟ್ಟಿಗೆ ಎಳೆಯುತ್ತ ಹೋದೆವು. ಧೂಳು, ತೊಗರಿ ಹೊಟ್ಟು, ಒಂದು ಓತಿಕ್ಯಾತ. ಕೊನೆಗೆ ಕತ್ತಲೊಳಗಿಂದ ಒಂದು ದುಂಡನೆಯ ಹೆಗಲು ಹೊರಬಿತ್ತು. ಹೆಗಲು ಅನ್ನದೆ ಬೇರೆ ಏನೆನ್ನಲಿ? ಮುಂಚಕ್ರದ ಮೇಲಿನ ತಗಡು ಅದು. ಆದರೆ ತಗಡನ್ನು ಹಾಗೆ ಬಾಗಿಸಬಹುದೆಂದು ನನಗೆ ಗೊತ್ತಿರಲಿಲ್ಲ. ಅದಕ್ಕೆ ಒಂದೇ ಒಂದು ನೆಟ್ಟನೆಯ ಗೆರೆ ಇರಲಿಲ್ಲ. ಮಲಗಿದ ಎಳೆಗರುವಿನ ಮೈಯಂತೆ ಎಲ್ಲಿಂದ ಎಲ್ಲಿಗೋ ಹರಿದು ಹೋಗಿತ್ತು. ನಾನು ಅಂಗೈಯಿಂದ ಅದರ ಧೂಳು ಒರೆಸಿದೆ. ನಮ್ಮ ಕಡೆಯ ಒಣ ಗಾಳಿ ಅದಕ್ಕೆ ಅಷ್ಟಾಗಿ ತುಕ್ಕು ಹಿಡಿಯಲು ಬಿಟ್ಟಿರಲಿಲ್ಲ. ಬಾಗಿಲಿಗೆ ಹೊರಗಡೆ ಹಿಡಿಯೇ ಇರಲಿಲ್ಲ. ಒಳಗೆ ಕೈ ಹಾಕಿ ಒಂದು ದಾರ ಎಳೆಯಬೇಕಿತ್ತು. ಸೀಟಿನ ಕುಳಿಯಲ್ಲಿ ಕೋಳಿಯೊಂದು ಕಾವಿಗೆ ಕೂತಿತ್ತು. ನಮ್ಮನ್ನು ನೋಡಿಯೂ ಏಳಲಿಲ್ಲ. ಬಾಡಿಗೆ ಮನೆ ಖಾಲಿ ಮಾಡದವರ ಮುಖ ನಾನು ಕೋರ್ಟಿನಲ್ಲಿ ಬೇಕಾದಷ್ಟು ನೋಡಿದ್ದೇನೆ, ಅದೇ ಮುಖ.

ಬಣ್ಣ? ಬೂದಿ ನೀಲಿ. ಕೆಂಪಲ್ಲ.

ಮರಿಗಳು ಹೊರಬರುವ ತನಕ ಕಾದು, ಒಬ್ಬರ ಟ್ರ್ಯಾಕ್ಟರಿನ ಟ್ರಾಲಿಯ ಮೇಲೆ ಹೇರಿ ಗಾಡಿಯನ್ನು ಆಳಂದಕ್ಕೆ ತಂದೆ. ಮಾವನ ತಾಯಿ, ಆ ಮುದುಕಿ, ಕೇಳಿದ ಟ್ರ್ಯಾಕ್ಟರ್ ಅಂತೂ ಆ ಹೊಲಕ್ಕೆ ಬಂತು, ಗಾಡಿಯನ್ನು ಹೊರಗೆ ಹಾಕಲು.

ನನ್ನ ಹೆಂಡತಿ ಸಾವಿತ್ರಿ ಬಾಗಿಲಲ್ಲಿ ನಿಂತು ಟ್ರಾಲಿಯನ್ನು ಮೇಲಿಂದ ಕೆಳಗೆ ನೋಡಿದಳು. "ಮಾಳಗಿ ಸೋರ್ತದ, ಮಾಡಸ್ರಿ ಅಂತ ಎರಡ ಮಳಿಗಾಲದಿಂದ ಹೇಳಾಕತ್ತೇನಿ. ನೀವು ಟಪ್ಪ ಇಲ್ಲದ್ದ ಗಾಡಿ ತಂದ್ರಿ. ಸೋರೂ ಚಿಂತಿನೇ ಇಲ್ಲ, ಛಲೋ ಆತು."

ಮಾಳಿಗೆಗೆಂದು ಇಟ್ಟದ್ದನ್ನು ಮುಟ್ಟುವುದಿಲ್ಲವೆಂದು ಮಾತು ಕೊಟ್ಟೆ. ಹಾಗಾಗಿ ಈ ಗಾಡಿಗೆ ಹೊಸದಾಗಿ ಏನನ್ನೂ ಕೊಳ್ಳುವಂತಿರಲಿಲ್ಲ. ಇದ್ದದ್ದರಲ್ಲಿ, ಸಿಕ್ಕಿದ್ದರಲ್ಲಿ, ಬೇಡಿ ತಂದದ್ದರಲ್ಲಿ ಆಗಬೇಕು.

ಮಸ್ತಾನಸಾಬ್ ಚಾಚಾ ಇಲ್ಲದಿದ್ದರೆ ಆಗುತ್ತಲೇ ಇರಲಿಲ್ಲ. ಆಳಂದದ ಬಸ್‌ಸ್ಟ್ಯಾಂಡಿನ ಹಿಂದೆ ಅವರ ಗ್ಯಾರೇಜು. ಹರೆಯದಲ್ಲಿ ಅಂಬಾಸಡರ್ ಟ್ಯಾಕ್ಸಿ ಓಡಿಸಿದವರು. ಆ ಕಾಲದ ಮದುಮಕ್ಕಳೆಲ್ಲ ತಮ್ಮ ಗಾಡಿಯಲ್ಲೇ ಹೋದದ್ದೆಂದು ಹೇಳಿಕೊಳ್ಳುತ್ತಾರೆ. ಮಾತಿನಲ್ಲಿ ಅವರಿಗೆ ಬ್ರೇಕಿಲ್ಲ. ಗಾಡಿ ನೋಡಿದ ಕೂಡಲೇ ನಗಲು ಶುರುಮಾಡಿದರು.

"ವಕೀಲ್ ಸಾಬ್ರ, ಇದು ಗಾಡಿ ಏನ್ರಿ? ದೋಣಿ ಅದ. ಸೊನ್ನದ ಬ್ಯಾರೇಜಿನ್ಯಾಗ ಬಿಡ್ರಿ, ಮೀನ ಹಿಡೀರಿ."

"ಚಾಚಾ, ಬಾನೆಟ್ ತಗದು ನೋಡ್ರಿ ಮೊದಲ."

ಅವರು ಬಾನೆಟ್ ತೆಗೆದರು. ನಗು ನಿಂತಿತು. ಬಹಳ ಹೊತ್ತು ಬಗ್ಗಿ ನೋಡಿದರು. ಆಮೇಲೆ ಸೊಂಟ ನೆಟ್ಟಗೆ ಮಾಡಿ, ಟೋಪಿ ತೆಗೆದು ಮತ್ತೆ ಹಾಕಿಕೊಂಡು, ಯಾರೋ ಮಲಗಿದ್ದಾರೆಂಬಂತೆ ಮೆಲ್ಲಗೆ ಅಂದರು: "ಇದು ನಮ್ದ ಅದಲ್ರಿ."

"ಏನು?"

"ಇಂಜಿನ್. ನನ್ನ ಅಂಬಾಸಡರ್‌ದು. ಅದೇ ಖಾಂದಾನ. ಅಣ್ಣ-ತಮ್ಮ ಇದ್ದಂಗ."

ನಾನು ನಂಬಲಿಲ್ಲ. ಆಮೇಲೆ ಕೇಳಿ, ಓದಿ ನೋಡಿದರೆ ನಿಜ. ಇಂಗ್ಲಂಡಿನಲ್ಲಿ ಒಂದೇ ವಂಶದ ಇಂಜಿನ್ನು. ಒಂದು ಕುಡಿ ಈ ಓಟದ ಗಾಡಿಗೆ ಹೋಯಿತು, ಇನ್ನೊಂದು ಕುಡಿ ನಮ್ಮ ಅಂಬಾಸಡರಿಗೆ ಬಂತು. ನಾನು ಬಾಲ್ಯದಲ್ಲಿ ಅಂಬಾಸಡರಿನಲ್ಲಿ ಹೋದದ್ದೆಲ್ಲ ಒಬ್ಬರ ಮೇಲೊಬ್ಬರು ಕೂತು, ಕಾಲಡಿ ಬುತ್ತಿಯ ಗಂಟು, ಡಿಕ್ಕಿಯಲ್ಲಿ ಹಾಸಿಗೆ, ಕಿಟಕಿಯ ಹತ್ತಿರ ವಾಂತಿ ಮಾಡುವವರು. ಆ ಎತ್ತಿನಂಥ ಗಾಡಿಯ ಎದೆಯೊಳಗೂ ಇದೇ ಇತ್ತೇ? ನಾವು ಹೇರಿಕೊಂಡು ಹೋಗುತ್ತಿದ್ದದ್ದು ಓಡಬಲ್ಲ ಕುದುರೆಯ ಮೇಲೆಯೇ? ಅಂದು ಗ್ಯಾರೇಜಿನಲ್ಲಿ ನನಗಾದ ಬೆರಗು ಇನ್ನೂ ಇಳಿದಿಲ್ಲ. ಪರದೇಶದ್ದೆಂದು ಬಗ್ಗಿ ನೋಡಿದರೆ ಒಳಗೆ ನಮ್ಮ ಮನೆಯವರೇ ಕೂತಿದ್ದರು.

ಗುಜರಿ ಅಂಗಡಿಗಳಲ್ಲಿ ಅಂಬಾಸಡರ್ ಸಾಮಾನಿಗೆ ಬರವಿರಲಿಲ್ಲ. ಚಾಚಾ ಹುಡುಕಿ ತಂದು ಕೂರಿಸುತ್ತ ಹೋದರು. ಎರಡು ಕಾರ್ಬೋರೇಟರ್ ಇದ್ದ ಕಡೆ ಒಂದನ್ನೇ ಇಟ್ಟರು. "ಓಡಿದ್ರ ಸಾಕಲ್ರಿ? ಹಾರೂದು ಬ್ಯಾಡ." ಪೆಟ್ರೋಲ್ ಟ್ಯಾಂಕಿನೊಳಗೆ ಗರಸು ಕಲ್ಲು ತುಂಬಿ ಅಂಗಳದ ತುಂಬ ಉರುಳಿಸಿ ತುಕ್ಕು ತೆಗೆದರು. ಮುಂದಿನ ಗಾಜು ಫೋಟೋಗೆ ಕಟ್ಟು ಹಾಕುವವರ ಅಂಗಡಿಯದು. ಟಪ್ಪ ತೊಗರಿ ಒಣಗಿಸುವ ತಾಡಪತ್ರಿಯದು. ಡ್ಯಾಶ್‌ಬೋರ್ಡಿನ ನಡುವೆ ಎಳೆದು ಚಾಲೂ ಮಾಡುವ ಒಂದು ಗುಂಡಿ ಇತ್ತು, ಅದರ ತಂತಿ ಕಡಿದಿತ್ತು. ಚಾಚಾ ಆ ತೂತು ಮುಚ್ಚಿ, ಸ್ಟೇರಿಂಗಿನ ಬಲಕ್ಕೆ ಒಂದು ಒತ್ತುವ ಸ್ವಿಚ್ಚು ಹಾಕಿದರು. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಎಲ್ಲ ಸರಿ ಹೋಗುತ್ತಿತ್ತು. ಒಂದು ದಿನ ಹೋಗಿ ನೋಡಿದರೆ ಗಾಡಿ ಮೊಣಕಾಲೆತ್ತರ ಮೇಲೆದ್ದು ನಿಂತಿದೆ. ಹಿಂದಿನ ಕಮಾನು ಪಟ್ಟಿಗೆ ಅಂಬಾಸಡರಿನ ಪಟ್ಟಿ ಸೇರಿಸಿ, ಮುಂದೆ ಏನೇನೋ ಆಸರೆ ಕೊಟ್ಟು, ಚಾಚಾ ಅದನ್ನು ಎತ್ತರಿಸಿಬಿಟ್ಟಿದ್ದರು. ನೆಲ ನೆಕ್ಕುವಂತೆ ಹುಟ್ಟಿದ ಗಾಡಿ ಈಗ ಗುಡ್ಡ ಹತ್ತುವ ಮೇಕೆಯ ಹಾಗೆ ಕಾಣುತ್ತಿತ್ತು.

"ಏನ ಮಾಡಿದ್ರಿ ಚಾಚಾ ಇದು!"

"ಮತ್ತ? ಬಂಡಿ ದಾರ್ಯಾಗ ನಡು ದಿಬ್ಬ ಇರ್ತದ. ಹೊಟ್ಟಿ ಹತ್ತಿದ್ರ ಎಣ್ಣಿ ಪೆಟಗಿ ಒಡೀತದ. ನಿಮ್ಮ ಅತ್ತಿಯವ್ರು ಇದರಾಗ ಹೊಳಿ ಹಾಯ್ದಿದ್ರು ಅಂದ್ರಿ. ಇಂಗ್ಲಂಡಿನ್ಯಾಗ ಬಂಡಿ ದಾರಿ ಇರಲಿಲ್ಲ, ಅವರಿಗಿ ಹ್ಯಾಂಗ ಗೊತ್ತಾಗಬೇಕು?"

ಮಾರನೇ ದಿನ ಇಳಿಸಿರೆಂದು ಹೇಳುವುದಿತ್ತು. ಹೇಳಲಿಲ್ಲ. ಬಂಡಿ ದಾರಿಯಲ್ಲಿ ಪಳಗಿದ ಕೈ ಗಾಡಿಯನ್ನು ಹೀಗೇ ಕಾಣುತ್ತದೆ.

ಬಣ್ಣ ತೆಗೆಯುವ ಕೆಲಸ ಮಾತ್ರ ಯಾರಿಗೂ ಬಿಡದೆ ನಾನೇ ಮಾಡಿದೆ. ಭಾನುವಾರ ಬಂತೆಂದರೆ ಉಜ್ಜುವ ಕಾಗದ, ನೀರಿನ ಬಕೆಟ್ಟು. ಬೂದಿ ನೀಲಿಯ ಕೆಳಗೆ ಹಸಿರು ಬಂತು. ಇನ್ನೂ ಜೋರಾಗಿ ಉಜ್ಜಿದೆ: ಇದರ ಕೆಳಗೆ ಕೆಂಪು. ಹಸಿರಿನ ಕೆಳಗೆ ಕೆನೆ ಬಣ್ಣ ಬಂತು. ಇದರ ಕೆಳಗೆ. ಕೆನೆಯ ಕೆಳಗೆ ತಗಡು ಬಂತು, ಬೆಳ್ಳಗೆ, ನಿನ್ನೆ ತಟ್ಟಿದ ಹಾಗೆ ಹೊಳೆಯುತ್ತ. ಕೆಂಪಿನ ಒಂದು ಚುಕ್ಕೆಯೂ ಎಲ್ಲಿಯೂ ಇರಲಿಲ್ಲ. ಬಾಗಿಲ ತಿರುಗುಣಿಯ ಸಂದಿನಲ್ಲಿ ಉಗುರು ಹಾಕಿ ಕೆರೆದೆ. ಇಲ್ಲ. ಇಷ್ಟು ವರ್ಷ ನನ್ನೊಳಗೆ ಓಡಾಡಿದ ಗಾಡಿ ಈ ಗಾಡಿಯಲ್ಲ.

ಕೆಂಪು ಸಿಕ್ಕಿದ್ದು ಆಮೇಲೆ, ಕೋಳಿ ಕೂತಿದ್ದ ಸೀಟಿನಲ್ಲಿ. ಹಿಕ್ಕೆ, ಹೊಟ್ಟು, ಗರಿ ಎಲ್ಲ ತೆಗೆದು ಒದ್ದೆ ಬಟ್ಟೆಯಿಂದ ಒರೆಸಿದರೆ ಚರ್ಮ ದಾಳಿಂಬೆ ಬಿಚ್ಚಿದ ಹಾಗೆ ಕೆಂಪಾಯಿತು. ಹೊರಗೆ ಕೆನೆ, ಒಳಗೆ ಕೆಂಪು. ಅಂದರೆ ನಾನು ಒಳಗಿದ್ದೆ! ಸಣ್ಣವನು, ತೊಡೆಯ ಮೇಲೆ ಕೂತವನು, ಕಂಡದ್ದು ಸೀಟನ್ನೇ ಇರಬೇಕು. ಗ್ಯಾರೇಜಿನಲ್ಲಿ ಒಬ್ಬನೇ ಕೈ ಮುಷ್ಟಿ ಮಾಡಿ ಕುಣಿದೆ. ಮನೆಗೆ ಬಂದು ಸಾವಿತ್ರಿಗೆ ಹೇಳಿದೆ.

"ಅದು ಮುತ್ಯಾನ ಅಂಗಳದಾಗ ನಿಂತಿತ್ತು ಅಂತ ನೀವ ಹೇಳಿದ್ರಲ್ರಿ? ಹುಡುಗ್ರು ಬಿಟ್ಟಾವಾ ಅದನ್ನ? ದಿನಾ ಹತ್ತಿ ಕುಂತಿರ್ತೀರಿ," ಅಂದಳು. ಕೋರ್ಟಿಗೆ ಅವಳು ಬರದೇ ಇರುವುದು ನನ್ನ ಪುಣ್ಯ.

ಆ ಚರ್ಮ ಮುಟ್ಟಿದರೆ ಹರಿಯುತ್ತಿತ್ತು. ಕೊನೆಗೆ ಸೀಟಿಗೆ ಕೌದಿ ಹೊಲಿಸಿದೆವು, ಸಾವಿತ್ರಿಯ ಹಳೆಯ ಸೀರೆಗಳದ್ದು, ದಪ್ಪಗೆ. ಕೂತರೆ ತಲೆ ಗಾಜಿಗಿಂತ ಮೇಲೆ ಬರುತ್ತಿತ್ತು. ಬಣ್ಣ ಹೊಡೆದವರು ಟ್ರಾಲಿಗಳಿಗೆ ಹೊಡೆಯುವವರು. ಕೆನೆ ಬಣ್ಣವನ್ನು ಚೆಂದ ಹೊಡೆದರು. ಆದರೆ ಖಾಲಿ ಬಿಡುವುದು ಅವರ ಕೈಗೆ ಗೊತ್ತಿಲ್ಲ: ಮುಂದಿನ ಎರಡೂ ಹೆಗಲಿಗೆ ಒಂದೊಂದು ಕಮಲ, ಹಿಂದೆ ದಪ್ಪ ಅಕ್ಷರದಲ್ಲಿ "ರೈತರ ಗೆಳೆಯ".

ಮೊದಲ ಸಲ ಚಾಲೂ ಆದಾಗ ಹೊಗೆ ಕೊಳವೆಯಿಂದ ಹೊಗೆಗೂ ಮೊದಲು ತೊಗರಿ ಬಂತು. ಇಲಿಗಳು ಎಂದೋ ಒಯ್ದು ಕೂಡಿಟ್ಟದ್ದು, ಹಿಡಿಗಟ್ಟಲೆ, ಹುರಿದ ವಾಸನೆಯ ಸಮೇತ ಎದುರಿನ ಗೋಡೆಗೆ ಟಪಟಪ ಬಡಿಯಿತು. ಆಮೇಲೆ ಸದ್ದು ಹಿಡಿತಕ್ಕೆ ಬಂತು. ಮಾವನ ಕಿವಿ ಕೇಳಿದ್ದ ಸದ್ದು. ಅಷ್ಟು ವರ್ಷ ಕಟ್ಟಿಗೆಯ ಕೆಳಗೆ ಬಾಯಿ ಮುಚ್ಚಿಕೊಂಡಿದ್ದ ಕಬ್ಬಿಣ ಮಾತಾಡುತ್ತಿತ್ತು. ಚಾಚಾ ಮತ್ತು ನಾನು ಒಬ್ಬರ ಮುಖ ಒಬ್ಬರು ನೋಡಲಿಲ್ಲ, ನೋಡಿದ್ದರೆ ಇಬ್ಬರಿಗೂ ನಾಚಿಕೆಯಾಗುತ್ತಿತ್ತು.

ಅತ್ತೆಗೆ ಫೋನ್ ಮಾಡಿದೆ. "ಹೊಳಿಗೇ ತಗೊಂಡು ಬಾ," ಅಂದಳು. "ಸೊನ್ನದ ಕಡಿ ಬರ್ತೇನಿ."

"ಮುಚ್ಚಳನೂ ತಗೊಂಡು ಬಾ ಅತ್ತಿ. ಒಂದ ಚಕ್ರಕ್ಕ ಇಲ್ಲ."

"ಹಿಟ್ಟಿನ್ಯಾಗ ಹುಳ ಬೀಳ್ತಾವ. ಮುಚ್ಚಳ ಕೊಡೂದಿಲ್ಲ."

ಒಂದು ಚಕ್ರ ಬೋಳಾಗಿಯೇ ಹೊರಟೆವು, ನಾನು ಮತ್ತು ಚಾಚಾ. ಆಳಂದದಿಂದ ಅಫಜಲಪುರದವರೆಗೆ ಟಪ್ಪ ತೆಗೆದ ಗಾಡಿಯಲ್ಲಿ ಕೂತು ಹೋದರೆ ತಿಳಿಯುತ್ತದೆ, ನಮ್ಮ ಕಡೆ ಆಕಾಶ ಎಷ್ಟಿದೆ ಎಂದು. ಬಸ್ಸಿನ ಕಿಟಕಿಯಲ್ಲಿ ತುಂಡು ತುಂಡಾಗಿ ನೋಡಿದ್ದ ಕರಿ ನೆಲ ಎರಡೂ ಕಡೆಗೆ ಎದ್ದು ಬಂದು ಮೈಮೇಲೆ ಬೀಳುವಂತಿತ್ತು. ಅಫಜಲಪುರದಲ್ಲಿ ಚಹಾಕ್ಕೆ ನಿಲ್ಲಿಸಿದರೆ ಜನ ಸುತ್ತುವರಿದರು. "ಟಪ್ಪ ಎಲ್ಲಿ ಬಿತ್ರಿ?" ಅಂದ ಒಬ್ಬ. "ಎಲೆಕ್ಷನ್ ಬಂತೇನಲೇ?" ಅಂದ ಇನ್ನೊಬ್ಬ. ಒಬ್ಬ ಮುದುಕ ಹಿಂದೆ ಬಂದು ಬರಹ ಓದಿ, ಕಮಲ ಮುಟ್ಟಿ, ಬಹಳ ಗಂಭೀರವಾಗಿ ಕೇಳಿದ: "ಇದಕ್ಕ ಉಳೂ ರಂಟಿ ಎಲ್ಲಿ ಕಟ್ತಾರ್ರಿ?"

ಸೊನ್ನದ ಬ್ಯಾರೇಜಿನ ಮೇಲ್ಗಡೆ ನೀರು ನಿಂತಿತ್ತು. ಕೆಳಗಡೆ ಬೇಸಿಗೆಯ ಹೊಳೆ: ಅಲ್ಲಲ್ಲಿ ಮಡು, ಉಳಿದದ್ದೆಲ್ಲ ಮರಳು, ಮರಳಿನಲ್ಲಿ ಕಲ್ಲಂಗಡಿ ಬಳ್ಳಿ. ಅತ್ತೆ ಮಗ-ಸೊಸೆಯ ಜೊತೆ ಬಂದು ಜಾಲಿಯ ನೆರಳಿನಲ್ಲಿ ನಿಂತಿದ್ದಳು. ಗಾಡಿಯ ಸದ್ದು ಕೇಳಿ ತಲೆ ಎತ್ತಿದಳು. ಹತ್ತಿರ ಹೋದ ಮೇಲೆ ಕೈಯಿಂದ ನೋಡತೊಡಗಿದಳು. ಹೆಗಲಿನ ಮೇಲೆ ಕೈ, ಅಲ್ಲಿಂದ ಬಾಗಿಲು, ಅಲ್ಲಿಂದ ಹಿಂದೆ, ಒಂದು ಸುತ್ತು.

"ಎತ್ತರಾಗ್ಯದ," ಅಂದಳು.

"ಬಂಡಿ ದಾರಿಗ್ರಿ ಅಮ್ಮಾ," ಅಂದರು ಚಾಚಾ.

"ಛಲೋ ಮಾಡಿದ್ರಿ. ಅವತ್ತ ಭಾಳ ಬಡೀತು ಹೊಟ್ಟಿ."

ನಾನು ಕಾಯುತ್ತಿದ್ದೆ: ಯಾವ ಕಡೆಯ ಬಾಗಿಲಿಗೆ ಹೋಗುತ್ತಾಳೆ? ಸ್ಟೇರಿಂಗ್ ಬಲಕ್ಕಿದೆ. ಅತ್ತೆ ಎಡಗಡೆಗೆ ಹೋಗಿ, ಒಳಗೆ ಕೈ ಹಾಕಿ, ದಾರ ಎಳೆದು, ಕೌದಿಯ ಮೇಲೆ ಕೂತಳು. ಬಳಗದವರು ಹೇಳುವುದೇ ನಿಜ, ಇವಳು ಪಕ್ಕದಲ್ಲಿ ಕೂತು ಹೋದವಳು. ನಾನು ಬಲ ಸೀಟಿನಲ್ಲಿ ಕೂತೆ. ಸ್ವಿಚ್ಚು ಒತ್ತುವಷ್ಟರಲ್ಲಿ ಅತ್ತೆಯ ಕೈ ಡ್ಯಾಶ್‌ಬೋರ್ಡಿನ ನಡುವೆ ಹೋಗಿ, ಚಾಚಾ ಮುಚ್ಚಿದ ತೂತಿನ ಮೇಲೆ ನಿಂತಿತು. ಹುಡುಕಲಿಲ್ಲ, ನೇರ ಅಲ್ಲಿಗೇ ಹೋಯಿತು.

"ಇಲ್ಲಿ ಒಂದ ಎಳಿಯೂದು ಇತ್ತು."

"ಇತ್ರಿ ಅಮ್ಮಾ!" ಚಾಚಾನ ದನಿಯೇ ಬದಲಾಯಿತು. "ನಾನ ಮುಚ್ಚೇನ್ರಿ."

ಸಾಕ್ಷಿ ಸಿಕ್ಕಿತು ಅಂದುಕೊಂಡೆ. ಆದರೆ ನೋಡಿ, ಅದು ನಡುವೆ ಇತ್ತು. ಎರಡೂ ಸೀಟಿಗೆ ಎಟುಕುವ ಹಾಗೆ.

ಮರಳಿಗೆ ಇಳಿದೆವು. ಸ್ವಲ್ಪ ದೂರ ಹೋಗಿ ಹಿಂದಿನ ಚಕ್ರ ಹೂತುಕೊಂಡಿತು. ನಾನು ಇನ್ನಷ್ಟು ಒತ್ತಿದೆ, ಇನ್ನಷ್ಟು ಹೂತಿತು. ಆಗ ಕಲ್ಲಂಗಡಿ ಹೊಲದವರು, ಗಂಡಸರೂ ಹೆಂಗಸರೂ, ಏನೂ ಕೇಳದೆ ತಮ್ಮ ಬೇಲಿಯ ತೊಗರಿ ಕಟ್ಟಿಗೆ ಕಿತ್ತುಕೊಂಡು ಬಂದರು. ಚಕ್ರದ ಮುಂದೆ ಹಾಸಿದರು. "ಹೂಂ, ಬಿಡ್ರಿ!" ಗಾಡಿ ಮುಂದೆ ಹೋದ ಕೂಡಲೇ ಹಿಂದಿನದನ್ನು ಎತ್ತಿ ಮುಂದಕ್ಕೆ ಓಡಿದರು. ಯಾರೂ ಯಾರಿಗೂ ಹೇಳಿಕೊಡಲಿಲ್ಲ. ನನ್ನ ತಲೆಯೊಳಗಿನ ಚಿತ್ರ ತಲೆಯಿಂದ ಇಳಿದು ಬಂದು ಬಿಸಿಲಿನಲ್ಲಿ ಓಡುತ್ತಿತ್ತು. ಇಲ್ಲಿ ನೆನಪು ಎಂದರೆ ಈ ಕಟ್ಟಿಗೆಯ ದಾರಿಯ ಹಾಗೆ ಎಂದು ಬರೆದು ಮುಗಿಸಬಹುದು, ಬರೆದರೆ ಚೆಂದವೂ ಕಾಣುತ್ತದೆ. ಬೇಡ. ಮರಳಿನಲ್ಲಿ ಹೂತ ಬಂಡಿಗೂ ನಮ್ಮ ಜನ ಹೀಗೇ ಮಾಡುತ್ತಾರೆ. ನಾನು ಬಂಡಿಯನ್ನು ಕಂಡು ಅದರ ಮೇಲೆ ಗಾಡಿಯನ್ನು ಕೂರಿಸಿಕೊಂಡಿರಲೂಬಹುದು.

"ಬ್ರೇಕ್ ಮುಟ್ಟಬ್ಯಾಡ," ಅಂದಳು ಅತ್ತೆ. "ಎರಡನೇ ಗೇರಿನ್ಯಾಗ ಇಡು. ಕಾಲ ಒಮ್ಮೆಲೆ ಬಿಡಬ್ಯಾಡ, ಮೆಲ್ಲಕ. ಸ್ಟೇರಿಂಗ್ ಜಗ್ಗಾಡಬ್ಯಾಡ ತಮ್ಮಾ, ಅದಕ್ಕ ಗೊತ್ತದ ಎಲ್ಲಿ ಹೋಗಬೇಕಂತ." ಅವಳ ಎಡಗಾಲು ತನ್ನ ಮುಂದಿನ ಬರಿಯ ತಗಡನ್ನು ಕ್ಲಚ್ಚಿನ ಹಾಗೆ ಒತ್ತುತ್ತಿತ್ತು, ಬಿಡುತ್ತಿತ್ತು.

ಗಟ್ಟಿ ನೆಲ ಸಿಕ್ಕಿತು. ಗಾಡಿ ನಿಲ್ಲಿಸಿದೆ. ಕಲ್ಲಂಗಡಿಯವರು ನಗುತ್ತ ಬೆವರು ಒರೆಸಿಕೊಳ್ಳುತ್ತಿದ್ದರು. ಮಹಾದೇವಿ ಮತ್ತು ಚಾಚಾ ದೂರದಲ್ಲಿ ಬರುತ್ತಿದ್ದರು. ಇನ್ನು ಕಾಯಲಾರದೆ ಕೇಳಿದೆ: "ಗಾಡಿ ಚಾಲೂ ಆತು. ನೀ ಕುಂತಿ. ಈಗ ಹೇಳು ಅತ್ತಿ. ಅವತ್ತ ಹೊಡದವ್ರು ಯಾರು?"

"ಅವತ್ತ ನೀ ಎಲ್ಲಿದ್ದಿ?"

"ನಿನ್ನ ತೊಡಿ ಮ್ಯಾಲ."

ಅತ್ತೆ ತಲೆ ಅಲ್ಲಾಡಿಸಿದಳು. "ಇಲ್ಲ ತಮ್ಮಾ. ನೀ ಗಾಡ್ಯಾಗ ಇರಲೇ ಇಲ್ಲ. ದಂಡಿ ಮ್ಯಾಲ ನಿಮ್ಮ ಮುತ್ಯಾನ ಹೆಗಲ ಮ್ಯಾಲ ಇದ್ದಿ. ನಾನೂ ಬರ್ತೇನಿ ಅಂತ ಹೊಳಿ ತುಂಬ ಕೇಳೂವಂಗ ಅಳಾಕತ್ತಿದ್ದಿ."

ಕೆಂಪು ಸೀಟು, ತೊಡೆ, ಎಲ್ಲ ಒಂದು ಕ್ಷಣ ಗಾಳಿಯಲ್ಲಿ ನಿಂತವು. "ಹಂಗಾರ ಹೊಡದವ್ರು?"

"ಅದನ್ನ ನೀ ಹೇಳ್ತಿ ಅಂತ ನಾ ಕಾಯಾಕತ್ತೇನಿ."

"ನಾನಾ?"

"ನಮ್ಮತ್ತಿ ದಿನಾ ಕೇಳಾಕಿ. ಹೊಳ್ಯಾಗ ನೀ ಹೊಡದೇನ, ನೀ ಹೊಡದೇನ ಅಂತ. ನಾ ದಿನಾ ಇಲ್ಲ ಅಂದೆ. ದೇವರ ಮ್ಯಾಲ ಆಣಿ ಮಾಡಿ ಇಲ್ಲ ಅಂದೆ. ನಿಮ್ಮ ಮಾವ ಬಾಜೂಕ ಕುಂತು ನಗಾವ್ರು, ಹೌದೂ ಅನ್ನಲಿಲ್ಲ, ಇಲ್ಲಾನೂ ಅನ್ನಲಿಲ್ಲ. ಇಲ್ಲ ಇಲ್ಲ ಅಂದು ಅಂದು ಈಗ ನೆನಸ್ಕೊಂಡ್ರ ಸ್ಟೇರಿಂಗ್ ಮ್ಯಾಲ ಒಂದ ಸಲ ನನ್ನ ಕೈಯಾಗಿನ ಬಳಿಗೋಳು ಕಾಣಸ್ತಾವ, ಒಂದ ಸಲ ಅವರ ಗಡಿಯಾರ." ಅವಳು ನನ್ನ ಕಡೆ ತಿರುಗಿ, ತಲೆ ವಾರೆ ಮಾಡಿ, ನನ್ನನ್ನು ತನ್ನ ಕಿಂಡಿಯೊಳಗೆ ತಂದುಕೊಂಡಳು. "ನೋಡಿದವ್ರೆಲ್ಲ ಹೋದ್ರು. ಉಳದಾವ ನೀ ಒಬ್ಬ. ದಂಡಿ ಮ್ಯಾಲಿಂದ ಎಲ್ಲಾ ನೋಡೀದಿ. ಯಾರ್ ಹೊಡದ್ರು ತಮ್ಮಾ?"

ನಾನು ಬೇರೆಯವರನ್ನು ಎಷ್ಟು ಸಲ ನಿಲ್ಲಿಸಿದ್ದೇನೋ, ಆ ಜಾಗದಲ್ಲಿ ನಾನು ನಿಂತಿದ್ದೆ. ನೀನೇ ಅತ್ತಿ, ಎಂದುಬಿಡಬಹುದಿತ್ತು. ನಾಲಿಗೆಯ ತುದಿಯಲ್ಲಿತ್ತು. ತಡವರಿಸದೆ ಹೇಳಲೂ ಬರುತ್ತಿತ್ತು.

"ನನಗ ಗೊತ್ತಿಲ್ಲ ಅತ್ತಿ," ಅಂದೆ.

ಬೇಸರವಾಯಿತೋ ಏನೋ ಎಂದು ಅವಳ ಮುಖ ನೋಡಿದೆ. ಅತ್ತೆ ನಗುತ್ತಿದ್ದಳು, ಸದ್ದಿಲ್ಲದೆ, ಭುಜ ಕುಣಿಯುವ ಹಾಗೆ. ಆಮೇಲೆ ದಾರ ಎಳೆದು ಇಳಿದಳು. ಗಾಡಿಯ ಮೇಲೆ ಕೈ ಆಡಿಸುತ್ತ ಮುಂದಿನಿಂದ ಸುತ್ತಿ ಬಂದು ನನ್ನ ಬಾಗಿಲ ಹತ್ತಿರ ನಿಂತಳು.

"ಸರಿ ಆ ಕಡಿ."

"ಅತ್ತಿ, ನಿನಗ ಕಾಣಂಗಿಲ್ಲ..."

"ಹೊಳಿ ಇಷ್ಟು ದೊಡ್ಡದದ. ಯಾವದಕ್ಕ ಹಾಯ್ಲಿ? ಸರಿ."

ಎಡಕ್ಕೆ ಸರಿದೆ. ಅತ್ತೆ ಕೂತಳು. ಮಹಾದೇವಿ ದೂರದಿಂದ "ಅತ್ತಿ! ಅತ್ತೀ!" ಎಂದು ಕೂಗುತ್ತ ಓಡಿ ಬರುತ್ತಿದ್ದಳು. ಕಲ್ಲಂಗಡಿಯವರು ಕಟ್ಟಿಗೆ ಎತ್ತಿಕೊಂಡು ಮತ್ತೆ ಮುಂದಕ್ಕೆ ಬಂದು ಸಾಲಾಗಿ ಹಾಸಿದರು. ಅತ್ತೆ ಕಾಲಿನಿಂದ ಕೆಳಗೆ ತಡಕಿದಳು. ಗಾಡಿ ಒಮ್ಮೆ ಎಗರಿತು, ನಿಂತಿತು. ಮತ್ತೆ ಚಾಲೂ ಮಾಡಿದಳು. ಇನ್ನೊಮ್ಮೆ ಎಗರಿತು. ಹೊಸದಾಗಿ ಕಲಿಯುವವರೂ ಹಾಗೇ ಎಗರಿಸುತ್ತಾರೆ, ಬಹಳ ವರ್ಷ ಬಿಟ್ಟವರೂ ಹಾಗೇ ಎಗರಿಸುತ್ತಾರೆ. ಮೂರನೆಯ ಸಲ ಗಾಡಿ ಎಗರಲಿಲ್ಲ. ಕಟ್ಟಿಗೆಗಳು ಅಡಿಯಲ್ಲಿ ಚಟಚಟ ಮುರಿಯುತ್ತ, ಅವಳ ಬಳೆ ಸ್ಟೇರಿಂಗಿಗೆ ತಾಗಿ ಸದ್ದು ಮಾಡುತ್ತ, ಗಾಡಿ ಮರಳಿನ ಮೇಲೆ ಮೆಲ್ಲಗೆ ಹೊರಟಿತು. ನಾನು ಸೀಟಿನ ಅಂಚು ಹಿಡಿದುಕೊಂಡು ಅವಳ ಮುಖವನ್ನೇ ನೋಡುತ್ತಿದ್ದೆ.

ಅವಳು ಹೊಡೆದದ್ದು ಅದು ಮೊದಲನೆಯ ಸಲವೋ ಎರಡನೆಯದೋ, ನನಗೆ ಗೊತ್ತಿಲ್ಲ.